ಎಲ್ಫ್ ರಾಜ್ಯದ ಗಡಿಕಲ್ಲು ಕಿತ್ತರೆ ಏನಾಗಬೇಕು?

ಕಾಡುದಾರಿ:
ಪ್ರತಿ ಭಾನುವಾರ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬ ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಆಡುವ ಆಟ) ಆಡುತ್ತೇವೆ. ಆಟ ನಡೆಸುವವನು ನಾನು. ಅದರಲ್ಲಿ ನಾನು ಕಟ್ಟಿದ ಎಲ್ಫ್ (ಕಥೆಗಳ ಮಾಯಾವಿ ಕಾಡುಜನ) ರಾಜ್ಯಕ್ಕೆ ಕೋಟೆ ಇಲ್ಲ. ಕಾಡಿನ ಸುತ್ತ ಒಂಬತ್ತು ಮಂತ್ರದ ಗಡಿಕಲ್ಲು ಇವೆ. ಆರ್ಕ್‌ಗಳು ಅನ್ನೋ ರಾಕ್ಷಸರು ದಾಟಿದರೆ ಸುಟ್ಟು ಬೂದಿ. ಮೊನ್ನೆ ಒಬ್ಬ, "ಹಗ್ಗ ಬಿಗಿದು ನಾಲ್ಕು ಜೋಡಿ ಎತ್ತು ಕಟ್ಟಿ ಒಂದು ಕಲ್ಲು ಕಿತ್ತರೆ?" ಅಂದ. ಉತ್ತರ ಹೊಳೆಯಲಿಲ್ಲ. "ಹೊತ್ತಾಯ್ತು, ಮುಂದಿನ ವಾರ ನೋಡೋಣ" ಅಂತ ಎದ್ದುಬಿಟ್ಟೆ. ಈಗ ಏನು ಮಾಡಲಿ?

ಶಾಸನಹುಚ್ಚು:
ನೀವು ಕರೆಂಟ್ ಬೇಲಿ ಹಾಕಿದ್ದೀರಿ, ಅದೇ ಎಡವಟ್ಟು. ನಮ್ಮ ಹಳೇ ಗಡಿಕಲ್ಲುಗಳು ಯಾರನ್ನೂ ತಡೆಯುತ್ತಿರಲಿಲ್ಲ. ದಾನದ ಹೊಲದ ಅಂಚಿಗೆ ನೆಡುತ್ತಿದ್ದರು, ಅಷ್ಟೇ. ಶಿವನ ಗುಡಿಯದ್ದಾದರೆ ಲಿಂಗಮುದ್ರೆ, ವೈಷ್ಣವರದ್ದಾದರೆ ವಾಮನಮುದ್ರೆ, ಜೈನ ಬಸದಿಯದ್ದಾದರೆ ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ). ಭಯ ಇದ್ದದ್ದು ದಾನಶಾಸನದ ಕೊನೆಯ ಶಾಪದಲ್ಲಿ. ಕೊಟ್ಟ ಭೂಮಿ ಕಸಿದವನು 60,000 ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ! ಕಾಶಿಯಲ್ಲಿ ಕವಿಲೆ (ಕಂದು ಹಸು) ಕೊಂದ ಪಾಪ ಬೇರೆ. ನಿಮ್ಮವನು ಕಲ್ಲು ಕೀಳಲಿ ಬಿಡಿ. ಆಗ ಏನೂ ಆಗಬಾರದು. ಮೂರು ದಿನ ಬಿಟ್ಟು ಅವನ ತಟ್ಟೆಯಲ್ಲಿ ಒಂದು ಹುಳ ಕಾಣಿಸಲಿ.

ಕಾಡುದಾರಿ:
ಅಯ್ಯೋ, ಮಸ್ತ್! ಆದರೆ ಆ ಪುಣ್ಯಾತ್ಮ ಬಿಡಲ್ಲ. ಕೂಲಿಗೆ ಯಾರೋ ಪೆದ್ದ ಗಾಬ್ಲಿನ್ (ಕುಳ್ಳ ಪಿಶಾಚಿ) ಹಿಡಿದು ಅವನ ಕೈಯಲ್ಲಿ ಕೀಳಿಸುತ್ತಾನೆ.

ಮಣ್ಣಹಲಗೆ:
ಈ ಕಿತಾಪತಿ 3,000 ವರ್ಷದ ಹಿಂದೆಯೇ ಬ್ಯಾಬಿಲೋನಿಯಾದವರಿಗೆ (ಈಗಿನ ಇರಾಕ್) ಗೊತ್ತಿತ್ತು. ಅವರ ಕುಡುರ್ರು ಕಲ್ಲುಗಳಲ್ಲಿ ಭೂದಾನದ ವಿವರ, ದೇವರ ಗುರುತುಗಳು (ಸೂರ್ಯ, ಚಂದ್ರ, ಚೇಳು, ಹಾವು), ಜೊತೆಗೆ ಶಾಪ. ಕುರುಡನನ್ನೋ ಕಿವುಡನನ್ನೋ ಪೆದ್ದನನ್ನೋ ಕಳಿಸಿ ಕಲ್ಲು ತೆಗೆಸಿದರೆ ಶಾಪ ಕಳಿಸಿದವನಿಗೇ ಅಂತ ಕೆಲವದರಲ್ಲಿ ಬಿಡಿಸಿ ಕೆತ್ತಿದ್ದಾರೆ. ವಕೀಲರ ಕೈಚಳಕ ಅಲ್ವಾ? ಇನ್ನೊಂದು ಮಜಾ. ಗಡಿಕಲ್ಲು ಅಂತ ಹೆಸರಾದರೂ ಇವನ್ನು ಇಡುತ್ತಿದ್ದದ್ದು ಹೊಲದಲ್ಲಲ್ಲ, ದೇವಸ್ಥಾನದಲ್ಲಿ. ಅಷ್ಟೆಲ್ಲ ಶಾಪ ಇದ್ದರೂ ಕ್ರಿ.ಪೂ. 12ನೇ ಶತಮಾನದಲ್ಲಿ ಪಕ್ಕದ ಏಲಂ ರಾಜ್ಯದವರು (ಈಗಿನ ಇರಾನ್‌ನಲ್ಲಿತ್ತು) ದಂಡೆತ್ತಿ ಬಂದು ಎಷ್ಟೋ ಕುಡುರ್ರುಗಳನ್ನು ತಮ್ಮ ಸೂಸಾ ನಗರಕ್ಕೆ ಹೊತ್ತೊಯ್ದರು. ಅಲ್ಲಿ ಅಗೆದು ತೆಗೆದ ಕೆಲವು ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿವೆ.

ಕಾಡುದಾರಿ:
ಸಿಕ್ಕಿತು! ಕಾಡಿನ ಒಂಬತ್ತೂ ಬರೀ ನಕಲು. ಅಸಲಿ ಕಲ್ಲು ಇದ್ದದ್ದು ರಾಣಿಯ ಗುಡಿಯಲ್ಲಿ. ಅದನ್ನು ಆರ್ಕ್‌ಗಳು ಯಾವಾಗಲೋ ಹೊತ್ತೊಯ್ದು ತಮ್ಮ ದೊರೆಯ ಹಜಾರದಲ್ಲಿ ನಿಲ್ಲಿಸಿಕೊಂಡಿದ್ದಾರೆ. ಎಲ್ಫ್‌ಗಳು ಮಾನ ಹೋಗುತ್ತೆ ಅಂತ ಬಾಯಿ ಬಿಟ್ಟಿಲ್ಲ. ಇನ್ನು ಒಂದೇ ಅನುಮಾನ. ಹುಳ ಅನ್ನದಲ್ಲಿ ಬಿಡಲೋ, ಸಾರಿನಲ್ಲೋ?

ಶಾಸನಹುಚ್ಚು:
ಅನ್ನದಲ್ಲಿ. ಬಿಳಿ ಮೇಲೆ ಬಿಳಿ. ಅರ್ಧ ತಿಂದ ಮೇಲೆ ಗೊತ್ತಾಗಬೇಕು.