‘ಬರಸಿಡಿಲು’: ಬರದ ಸಿಡಿಲೋ, ಬರೀ ಸಿಡಿಲೋ?

ಎಲ್ಲರಿಗೂ ನಮಸ್ಕಾರ.

ನಮ್ಮ ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಹಂಚಲು ಒಂದು ಪುಟದ ಹಾಳೆ ತಯಾರು ಮಾಡುತ್ತಿದ್ದೇವೆ. ಏಪ್ರಿಲ್, ಮೇ ತಿಂಗಳ ಸಿಡಿಲು, ಗಾಳಿಮಳೆ, ಆಲಿಕಲ್ಲಿನ ದಿನಗಳಲ್ಲಿ ಜೋಪಾನವಾಗಿರುವುದು ಹೇಗೆ ಎಂಬುದೇ ವಿಷಯ. ಅದರಲ್ಲಿ ‘ಬರಸಿಡಿಲು’ ಎಂಬ ಪದ ಇರಬೇಕು ಅಂತ ನನ್ನ ಆಸೆ. ಜೊತೆಗಿರುವವರು ಬೇಡ ಎನ್ನುತ್ತಿದ್ದಾರೆ. ‘ಅದು ಪೇಪರಿನವರ ಮಾತು, ಯಾರಾದರೂ ತೀರಿಕೊಂಡಾಗ ಬರೆಯೋದು’ ಅನ್ನುವುದು ಅವರ ವಾದ. ಅದನ್ನು ತಳ್ಳಿಹಾಕಲು ಬರುವುದಿಲ್ಲ. ‘ಕುಟುಂಬಕ್ಕೆ ಬರಸಿಡಿಲು ಬಡಿದಂತಾಯಿತು’, ‘ಬೆಲೆ ಕುಸಿತದ ಬರಸಿಡಿಲು’ ಅಂತಲೇ ಈ ಪದ ಈಗ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ನಿಜವಾದ ಸಿಡಿಲಿಗೆ ಬಳಸುವುದು ಅಪರೂಪವಾಗಿದೆ.

ನನಗೆ ಈ ಪದವೇ ಯಾಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ಮಳೆಯಿಲ್ಲದೆಯೂ ಸಿಡಿಲು ಬಡಿಯುತ್ತದೆ ಎಂಬುದನ್ನು ಒಂದೇ ಪದದಲ್ಲಿ ಹೇಳಬೇಕು.

ಮುಂಗಾರಿಗೂ ಅದಕ್ಕೆ ಮೊದಲಿನ ಮಳೆಗೂ ಸ್ವಭಾವವೇ ಬೇರೆ. ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಹಗಲು ರಾತ್ರಿ ಸುರಿದರೂ ಗುಡುಗು ಸಿಡಿಲು ಕಡಿಮೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳಲ್ಲಿ ಅದೇ ಜಾಸ್ತಿ. ಬೆಳಿಗ್ಗೆಯಿಂದ ಬಿಸಿಲು ಕಾಯುತ್ತದೆ, ಸೆಖೆ ತಡೆಯಲು ಆಗುವುದಿಲ್ಲ. ಕಾದ ನೆಲದಿಂದ ಗಾಳಿ ಮೇಲೇಳುತ್ತದೆ. ಅರಬ್ಬಿ ಸಮುದ್ರದ ಕಡೆಯ ತೇವದ ಗಾಳಿ ಘಟ್ಟ ಹತ್ತಿ ಬಂದು ಅದಕ್ಕೆ ಸೇರಿಕೊಳ್ಳುತ್ತದೆ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮೋಡ ಗೋಪುರದ ಹಾಗೆ 10-12 ಕಿಲೋಮೀಟರ್ ಎತ್ತರಕ್ಕೂ ಬೆಳೆದು ನಿಲ್ಲುತ್ತದೆ. ಅದರೊಳಗೆ ಹಿಮದ ಹರಳುಗಳೂ ಆಲಿಕಲ್ಲೂ ಒಂದಕ್ಕೊಂದು ಉಜ್ಜಿ ವಿದ್ಯುತ್ ತುಂಬಿಕೊಳ್ಳುತ್ತದೆ.

ಮಳೆ ಬೀಳುವುದು ಆ ಮೋಡದ ಕೆಳಗೆ. ಸಿಡಿಲಿಗೆ ಆ ಗಡಿ ಇಲ್ಲ. ಮೋಡದ ಬದಿಯಿಂದ ಹೊರಟು, ಅಡ್ಡಕ್ಕೆ 10-15 ಕಿಲೋಮೀಟರ್ ಸಾಗಿ, ಒಂದು ಹನಿಯೂ ಬೀಳದ ಜಾಗಕ್ಕೆ ಬಂದು ಬಡಿಯಬಲ್ಲದು. ತಲೆಯ ಮೇಲೆ ಬಿಸಿಲಿದ್ದರೂ ಬಡಿಯಬಲ್ಲದು. ಸೊಪ್ಪಿನಬೆಟ್ಟದಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸುತ್ತಿರುವವರು, ಗದ್ದೆಬಯಲಿನಲ್ಲಿ ದನ ಬಿಟ್ಟುಕೊಂಡಿರುವವರು ಸಾಮಾನ್ಯವಾಗಿ ಏನು ಹೇಳುತ್ತಾರೆ? ‘ಎಲ್ಲೋ ದೂರ ಗುಡುಗ್ತಿದೆ, ಹನಿ ಬಿದ್ದ ಮೇಲೆ ಹೊರಟರಾಯ್ತು.’ ಜೀವಕ್ಕೆ ಕುತ್ತು ಬರುವುದು ಇಲ್ಲೇ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲಿಗೆ ಎಟಕುವಷ್ಟು ಹತ್ತಿರದಲ್ಲೇ ಇದ್ದೇವೆ ಅಂತ ಅರ್ಥ.

ಹವಾಮಾನದ ಪ್ರಕಟಣೆಗಳಲ್ಲಿ ಬರುವ ‘ಗುಡುಗು ಮಿಂಚು ಸಹಿತ ಮಳೆ’ ಎಂಬ ಮಾತು ಇದನ್ನು ಮುಚ್ಚಿಡುತ್ತದೆ ಅಂತ ನನಗೆ ಅನಿಸುತ್ತದೆ. ಅದರಲ್ಲಿ ಮುಖ್ಯವಾದದ್ದು ಮಳೆ, ಉಳಿದವು ಅದರ ಜೊತೆಗೆ ಬರುವಂಥವು. ಏಪ್ರಿಲ್ ತಿಂಗಳಲ್ಲಿ ಮಳೆ ಅಂದರೆ ಮಲೆನಾಡಿನವರಿಗೆ ಸಿಹಿಸುದ್ದಿ. ಬಾವಿ ಬತ್ತಿರುತ್ತದೆ, ಅಡಿಕೆ ತೋಟ ಬಾಡಿರುತ್ತದೆ. ಕಾಫಿಯವರು ಮಾರ್ಚ್ ತಿಂಗಳಿಂದಲೇ ಗಿಡ ಹೂ ಬಿಡಿಸುವ ಹೂಮಳೆಗೆ, ಆಮೇಲೆ ಅದರ ಬೆನ್ನಿಗೆ ಬರಬೇಕಾದ ಮಳೆಗೆ ಬಾಯಿಬಿಟ್ಟು ಕಾಯುತ್ತಾರೆ. ‘ಭರಣಿ ಮಳೆ ಧರಣಿ ಬೆಳೆ’ ಅಂತ ಗಾದೆಯೇ ಇದೆಯಲ್ಲ. ಹಾಗಾಗಿ ಆ ಪ್ರಕಟಣೆ ಓದಿದವರಿಗೆ ಹೆದರಿಕೆಗಿಂತ ಖುಷಿಯೇ ಆಗುತ್ತದೆ. ಸಾಲದ್ದಕ್ಕೆ ಅದರಲ್ಲಿ ‘ಸಿಡಿಲು’ ಎಂಬ ಪದವೇ ಇರುವುದಿಲ್ಲ. ಮಿಂಚು ಹೊಳೆಯುತ್ತದೆ, ಗುಡುಗು ಮೊಳಗುತ್ತದೆ, ಬಡಿಯುವುದು ಸಿಡಿಲು. ಇಷ್ಟು ಚೆನ್ನಾಗಿ ಬೇರೆಬೇರೆ ಹೆಸರಿಟ್ಟ ಭಾಷೆಯಲ್ಲಿ, ಕೊಲ್ಲುವುದರ ಹೆಸರನ್ನೇ ಬಿಟ್ಟು ಎಚ್ಚರಿಕೆ ಕೊಟ್ಟರೆ ಹೇಗೆ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಸಿಡಿಲಿನ ಎಚ್ಚರಿಕೆ ಕೊಡುವ ತಮ್ಮ ಆ್ಯಪಿಗೆ ‘ಸಿಡಿಲು’ ಅಂತಲೇ ಹೆಸರಿಟ್ಟಿದ್ದಾರೆ. ಅದು ತುಂಬ ಒಳ್ಳೆಯ ಕೆಲಸ. ಪುಣೆಯ ವಿಜ್ಞಾನಿಗಳು ಮಾಡಿದ ಇಂಥದ್ದೇ ಆ್ಯಪಿನ ಹೆಸರು ‘ದಾಮಿನಿ’, ಅಂದರೆ ಮಿಂಚು. ಕೇಳಲು ಚೆಂದ, ಆದರೆ ನಮ್ಮ ಹಳ್ಳಿಯವರಿಗೆ ಅದು ಯಾರೋ ಹುಡುಗಿಯ ಹೆಸರು.

ಈಗ ಪದಕ್ಕೆ ಬರುತ್ತೇನೆ. ಮಳೆಯಿಲ್ಲದೆ ಬಡಿಯುವ ಸಿಡಿಲಿಗೆ ‘ಬರಸಿಡಿಲು’ ಒಪ್ಪುತ್ತದೆಯೇ ಎಂಬುದು, ಅದರ ಮೊದಲಿನ ಭಾಗ ಏನು ಎಂಬುದರ ಮೇಲೆ ನಿಂತಿದೆ. ‘ಬರಗಾಲ’ದ ಬರ ಅಂತ ಕೆಲವರು. ‘ಬರೀ’ ಸಿಡಿಲು, ಅಂದರೆ ಮಳೆಯಿಲ್ಲದ ಖಾಲಿ ಸಿಡಿಲು ಅಂತ ಇನ್ನು ಕೆಲವರು. ನನಗೆ ಮೊದಲನೆಯದೇ ಸರಿ ಕಾಣುತ್ತದೆ. ಯಾಕೆಂದರೆ ‘ಬರಿ’ ಸೇರಿದ ಪದಗಳಲ್ಲಿ ಇಕಾರ ಉಳಿದುಕೊಳ್ಳುತ್ತದೆ: ಬರಿಗೈ, ಬರಿಗಾಲು, ಬರಿಮೈ. ಆ ಲೆಕ್ಕದಲ್ಲಿ ಇದು ‘ಬರಿಸಿಡಿಲು’ ಆಗಬೇಕಿತ್ತು. ‘ಬರಸೆಳೆ’ಯಲ್ಲಿರುವ ‘ಬರ’ ಇಲ್ಲಿ ಹೊಂದುವುದಿಲ್ಲ. ಅದು ‘ಬರು’ವಿನಿಂದ ಬಂದದ್ದು, ಹತ್ತಿರ ಬರುವ ಹಾಗೆ ಸೆಳೆಯುವುದು.

ಆದರೆ ಸ್ವಲ್ಪ ಹಿಂದಕ್ಕೆ ಹೋದರೆ ಈ ಜಗಳವೇ ಮೆತ್ತಗಾಗುತ್ತದೆ. ಹಳಗನ್ನಡದಲ್ಲಿ ‘ಬಱ’ವನ್ನೂ ‘ಬಱಿ’ಯನ್ನೂ ಶಕಟರೇಫದಿಂದಲೇ, ಅಂದರೆ ‘ಱ’ ಎಂಬ ಹಳೆಯ ಅಕ್ಷರದಿಂದಲೇ ಬರೆಯುತ್ತಿದ್ದರು. ತಮಿಳಿನಲ್ಲಿ ಈ ಬಳಗ ಇನ್ನೂ ಒಟ್ಟಿಗೇ ಕಾಣುತ್ತದೆ: ‘ವಱಟ್ಚಿ’ ಅಂದರೆ ಬರ, ‘ವಱುಮೈ’ ಅಂದರೆ ಬಡತನ, ‘ವಱಿದು’ ಅಂದರೆ ಬರಿದು. ನಮ್ಮ ‘ಬರಡು’ ಕೂಡ ಇದೇ ಬಳಗದ್ದು. ಎಲ್ಲದರ ಒಳಗೂ ಇರುವುದು ಒಣಗುವ, ಬತ್ತುವ, ಖಾಲಿಯಾಗುವ ಅರ್ಥ. ಹಾಗಾದರೆ ಬರಸಿಡಿಲು ಅಂದರೆ ‘ಒಣ ಸಿಡಿಲು’ ಅಂತ ಓದಬಹುದು ಅಲ್ವಾ? ಹನಿ ಇಲ್ಲದ ಹೊತ್ತಿನಲ್ಲಿ, ನಿರೀಕ್ಷೆಯೇ ಇಲ್ಲದಾಗ ಬಡಿಯುವುದು. ದುಃಖದ ಸುದ್ದಿಗೆ ಅದನ್ನು ಹೋಲಿಸುವುದೂ ಇದರಿಂದಲೇ ಹುಟ್ಟಿರಬೇಕು.

ಆಲಿಕಲ್ಲಿನ ಬಗ್ಗೆಯೂ ನಮ್ಮಲ್ಲಿ ಸಣ್ಣ ಚರ್ಚೆ ಆಯಿತು. ‘ಆನೆಕಲ್ಲು’ ಅನ್ನುವವರೇ ಹಲವರು. ಹಾಳೆಯಲ್ಲಿ ‘ಆಲಿಕಲ್ಲು’ ಅಂತ ಹಾಕಿದ್ದೇವೆ. ‘ಆಲಿ’ ಎಂಬುದೇ ಮಳೆಗಲ್ಲಿನ ಹಳೆಯ ಹೆಸರು. ಮಲಯಾಳದವರು ಅದಕ್ಕೆ ಹಣ್ಣು ಸೇರಿಸಿ ‘ಆಲಿಪ್ಪಳಂ’ ಎನ್ನುತ್ತಾರೆ, ತಮಿಳರು ‘ಆಲಂಗಟ್ಟಿ’. ಆನೆಗೂ ಇದಕ್ಕೂ ಸಂಬಂಧ ಇರಲಾರದು, ಆದರೆ ಹಾಗೆ ಹೇಳುವವರನ್ನು ತಿದ್ದುವ ಅಗತ್ಯವೂ ನನಗೆ ಕಾಣುವುದಿಲ್ಲ.

ಹಾಳೆಯಲ್ಲಿ ಈಗ ಇರುವ ಸಾಲುಗಳು ಇವು. ಓದಿ ತಿದ್ದಿಕೊಡಿ:

‘ಬರಸಿಡಿಲಿಗೆ ಮಳೆ ಬೇಕಿಲ್ಲ. ಗುಡುಗು ಕೇಳಿದ ಕೂಡಲೇ ಮನೆ ಸೇರಿ. ಮರದ ಕೆಳಗೆ ನಿಲ್ಲಬೇಡಿ. ಅಲ್ಯೂಮಿನಿಯಂ ಏಣಿ, ದೋಟಿ ಕೆಳಗಿಡಿ. ಮಿಂಚು ಕಂಡು 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು 1 ಕಿಲೋಮೀಟರ್ ದೂರದಲ್ಲಿದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ.’

ನನ್ನ ಪ್ರಶ್ನೆಗಳು ಎರಡೇ. ನಿಮ್ಮ ಊರಿನಲ್ಲಿ, ಮನೆಯ ಹಿರಿಯರ ಬಾಯಲ್ಲಿ, ನಿಜವಾದ ಸಿಡಿಲಿಗೆ ‘ಬರಸಿಡಿಲು’ ಅನ್ನುವುದನ್ನು ಕೇಳಿದ್ದೀರಾ? ಕೊಡಗು, ಸಕಲೇಶಪುರ, ಶಿರಸಿ ಕಡೆಯವರ ಉತ್ತರ ಮುಖ್ಯವಾಗಿ ಬೇಕು. ಬಯಲುಸೀಮೆಯವರದ್ದೂ ಇರಲಿ. ಎರಡನೆಯದು, ‘ಬರಿಸಿಡಿಲು’ ಅಥವಾ ‘ಒಣಸಿಡಿಲು’ ಎಂಬ ರೂಪ ಎಲ್ಲಿಯಾದರೂ ಬಳಕೆಯಲ್ಲಿದೆಯೇ? ಇದ್ದರೆ ಯಾರು, ಯಾವ ಸಂದರ್ಭದಲ್ಲಿ ಹೇಳುತ್ತಾರೆ ಅಂತಲೂ ಬರೆಯಿರಿ. ಸುಮ್ನೆ ನಿಘಂಟಿನ ಅರ್ಥ ಕೊಟ್ಟರೆ ನಮ್ಮ ಕೆಲಸಕ್ಕೆ ಸಾಲುವುದಿಲ್ಲ.

ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ಎರಡನೇ ವಾರದಲ್ಲಿ. ಅಷ್ಟರೊಳಗೆ ಹಾಳೆ ಮನೆಮನೆಗೆ ತಲುಪಬೇಕು, ಹಾಗಾಗಿ ದಯವಿಟ್ಟು ಬೇಗ ಬರೆಯಿರಿ.