ಮಲೆನಾಡಿನ ಥಂಡಿಗೆ ಜಿಂಜರ್‌ಬ್ರೆಡ್ ಮನೆ ನಿಲ್ಲುತ್ತದಾ?

ತುಂಗೆ_ದಡ:
ನಾವು ತೀರ್ಥಹಳ್ಳಿ ಕಡೆಯವರು. ಹೋದ ಡಿಸೆಂಬರ್ ರಜೆಗೆ ನಾದಿನಿ ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಪಕ್ಕದ ಮನೆ ಮಕ್ಕಳನ್ನೂ ಸೇರಿಸಿಕೊಂಡು ಜಿಂಜರ್‌ಬ್ರೆಡ್ ಮನೆ, ಅಂದರೆ ಶುಂಠಿ ಬಿಸ್ಕತ್ತಿನ ತುಂಡುಗಳನ್ನು ಸಕ್ಕರೆಯ ಐಸಿಂಗಿನಲ್ಲಿ ಅಂಟಿಸಿದ ಪುಟ್ಟ ಮನೆ, ಕಟ್ಟಿದೆವು. ಸಂಜೆ ತುಂಬಾ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮಾಡಿನ (ಚಾವಣಿಯ) ಒಂದು ಪಕ್ಕ ಜಾರಿ ಕೆಳಗೆ ಬಿದ್ದಿದೆ, ಗೋಡೆ ಮುಟ್ಟಿದರೆ ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗಿದೆ, ಅದರ ಮೇಲೆ ಇರುವೆ ಸಾಲು. ಚಿಕ್ಕವಳು ಅತ್ತೇ ಬಿಟ್ಟಳು.

ಈ ಸಲ ಏಳು ಮಕ್ಕಳು ಸೇರುತ್ತಾರೆ, ಮತ್ತೆ ಕಟ್ಟಲೇಬೇಕು ಅಂತ ಹಟ. ಮೆತ್ತಗಾಗದ ಹಾಗೆ ಏನು ಮಾಡಬೇಕು? ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ನಮ್ಮ ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಹೋದ ಸಲ ಐಸಿಂಗಿಗೆ ಮೊಟ್ಟೆಯ ಬಿಳಿ ಹಾಕಿದ್ದೆವು, ಅವರು ಬಾಗಿಲ ಹತ್ತಿರವೇ ನಿಂತು ನೋಡಿದರು. ಹಬ್ಬದ ದಿನ ಅವರು ಹಾಕಿದ ರಂಗೋಲಿಯನ್ನು ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಅಂಥ ಕೈ ಸುಮ್ನೆ ಇರಬಾರದು ಅಲ್ವಾ? ಮೊಟ್ಟೆ ಇಲ್ಲದ, ಗೋಡೆ ಹಿಡಿದು ನಿಲ್ಲಿಸುವಷ್ಟು ಗಟ್ಟಿ ಐಸಿಂಗ್ ಗೊತ್ತಿದ್ದರೆ ಹೇಳಿ.

ಸಾಗರದ_ಒಲೆ:
ಕಾಬೂಲ್ ಕಡಲೆ ಬೇಯಿಸಿದ ನೀರು ಅಕ್ಕಾ. ನಂಬಿ. ಕಡಲೆ ನೆನೆಸಿ, ಉಪ್ಪು ಹಾಕದೆ ಕುಕ್ಕರಿನಲ್ಲಿ ಬೇಯಿಸಿ, ಆ ನೀರನ್ನು ಸೋಸಿ ಲೋಳೆಯಂತೆ ಆಗುವವರೆಗೆ ಸಣ್ಣ ಉರಿಯಲ್ಲಿ ಇಳಿಸಿ, ಪೂರ್ತಿ ಆರಲಿ. ಮೂರು ದೊಡ್ಡ ಚಮಚ ನೀರಿಗೆ ಸುಮಾರು 300 ಗ್ರಾಂ ಐಸಿಂಗ್ ಸಕ್ಕರೆ, ನಾಲ್ಕು ಹನಿ ನಿಂಬೆರಸ. ಮೊದಲು ನೀರನ್ನು ನೊರೆ ಬರುವ ತನಕ ಬೀಟರಿನಲ್ಲಿ ಕಡೆಯಿರಿ, ಆಮೇಲೆ ಸಕ್ಕರೆ ಸ್ವಲ್ಪ ಸ್ವಲ್ಪವೇ ಹಾಕಿ. ಚಮಚ ಎತ್ತಿದರೆ ತುದಿ ಬಾಗದೆ ನಿಲ್ಲಬೇಕು. ಕಡಲೆ ವಾಸನೆ ಬರುವುದಿಲ್ಲ. ಪಾತ್ರೆ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ, ಇಲ್ಲದಿದ್ದರೆ ಮೇಲೆ ಕೆನೆಗಟ್ಟಿದ ಹಾಗೆ ಗಟ್ಟಿಯಾಗುತ್ತದೆ.

ಹಿಟ್ಟಿಗೆ ಏನು ಹಾಕಿದ್ದಿರಿ? ಜೋನಿ ಬೆಲ್ಲ (ನೀರು ಬೆಲ್ಲ) ಪೂರ್ತಿ ಸುರಿದಿದ್ದರೆ ಮೆತ್ತಗಾಗಿದ್ದು ಅದರಿಂದಲೇ ಇರಬಹುದು. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ತುಂಗೆ_ದಡ:
ಹೌದು, ಪೂರ್ತಿ ಜೋನಿ ಬೆಲ್ಲವೇ! ಮನೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಸೋಡಾನೂ ಹಾಕಿದ್ದೆ.

ಶಿವಮೊಗ್ಗ_ಕೇಕ್_ಆಂಟಿ:
ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಇದನ್ನು ಕಟ್ಟುತ್ತೇವೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ತಿನ್ನುವ ಬಿಸ್ಕತ್ತು ಬೇರೆ, ಕಟ್ಟುವ ಬಿಸ್ಕತ್ತು ಬೇರೆ. ಕಟ್ಟುವುದಕ್ಕೆ ಸೋಡಾ ಬೇಡ, ಉಬ್ಬಿ ಅಂಚು ವಕ್ರವಾಗುತ್ತದೆ. ನನ್ನ ಅಳತೆ: ಮೈದಾ 350 ಗ್ರಾಂ, ಬೆಣ್ಣೆ 100, ಪುಡಿ ಸಕ್ಕರೆ 100, ಜೋನಿ ಬೆಲ್ಲ 100, ಒಣಶುಂಠಿ ಪುಡಿ ಎರಡು ಚಮಚ, ಚಕ್ಕೆ ಪುಡಿ ಒಂದು, ಲವಂಗ ಚಿಟಿಕೆ, ಹಿಟ್ಟು ಕೂಡುವಷ್ಟು ಹಾಲು. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ರಟ್ಟಿನ ಅಚ್ಚು ಇಟ್ಟು ಕತ್ತರಿಸಿ, 175 ಡಿಗ್ರಿಯಲ್ಲಿ ಹದಿನೈದು ನಿಮಿಷ. ಬಿಸಿ ಇರುವಾಗಲೇ ಅಂಚು ನೇರ ಮಾಡಿ. ಆರಿದ ಮೇಲೆ 100 ಡಿಗ್ರಿಯಲ್ಲಿ ಇನ್ನೊಮ್ಮೆ ಅರ್ಧ ಗಂಟೆ ಒಣಗಿಸಿ. ನಮ್ಮ ಊರುಗಳಿಗೆ ಈ ಎರಡನೇ ಸಲದ ಒಣಗಿಸುವಿಕೆ ಬೇಕೇ ಬೇಕು. ಆಮೇಲೆ ಬಿಗಿ ಮುಚ್ಚಳದ ಡಬ್ಬಿ.

ಏಳು ಮಕ್ಕಳಿದ್ದರೆ ನಿಲ್ಲಿಸಿದ ಮನೆಗೆ ಅಲಂಕಾರ ಮಾಡಲು ಬಿಡಬೇಡಿ. ನಾಲ್ಕು ಗೋಡೆ, ಎರಡು ಮಾಡು, ಆರು ತುಂಡು. ಮಲಗಿಸಿದ ತುಂಡನ್ನು ಒಬ್ಬೊಬ್ಬರಿಗೆ ಒಂದೊಂದು ಕೊಡಿ, ಏಳನೆಯವರಿಗೆ ಅಂಗಳ. ಜಗಳ ಇರುವುದಿಲ್ಲ, ಐಸಿಂಗೂ ಕೆಳಗೆ ಸುರಿಯುವುದಿಲ್ಲ. ಅದು ಒಣಗಿದ ಮೇಲೆ ಗೋಡೆ ನಿಲ್ಲಿಸಿ, ಒಳಗೂ ಹೊರಗೂ ಸ್ಟೀಲ್ ಲೋಟ ಆನಿಸಿ ರಾತ್ರಿಯಿಡೀ ಬಿಡಿ. ಮಾಡು ಕೂರಿಸುವುದು ಮರುದಿನವೇ. ನಿಮ್ಮದು ಜಾರಿದ್ದು ಅದೇ ದಿನ ಕೂರಿಸಿದ್ದಕ್ಕೆ. ಕೆಲವರು ಸಕ್ಕರೆ ಕರಗಿಸಿ ಅಂಟಿಸಿ ಅನ್ನುತ್ತಾರೆ, ಬೇಗ ಹಿಡಿಯುತ್ತದೆ ನಿಜ, ಆದರೆ ಆ ಪಾಕ ಕೈಗೆ ತಾಗಿದರೆ ಚರ್ಮವೇ ಬರುತ್ತದೆ. ಮಕ್ಕಳ ನಡುವೆ ಖಂಡಿತ ಬೇಡ.

ಹಂಚಿಕಡ್ಡಿ:
ನಮ್ಮ ಮಕ್ಕಳು ಹಿಮದ ಮನೆಯೇ ಬೇಕು ಅಂದಿದ್ದರು. ನಾನು ಹೇಳಿದೆ, ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಹ್ಯಾನ್ಸೆಲ್-ಗ್ರೆಟೆಲ್ ಕಥೆಯಲ್ಲಿ ಕಾಡಿನೊಳಗಿನ ಮನೆಗೆ ಬ್ರೆಡ್ಡಿನ ಗೋಡೆ, ಕೇಕಿನ ಮಾಡು, ಸಕ್ಕರೆ ಕಿಟಕಿ. ಕಾಡು ನಮ್ಮಲ್ಲೂ ಇದೆ, ನಮ್ಮ ಮನೆಯನ್ನೇ ಕಟ್ಟೋಣ ಅಂತ. ಕಾರ್ನ್‌ಫ್ಲೇಕ್ಸನ್ನು ಹೆಂಚು ಹೊದಿಸುವ ಹಾಗೆ ಕೆಳಗಿನ ಸಾಲಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸುತ್ತಾ ಹೋದರು. ಮುಂದೆ ಒಂದು ಜಗಲಿ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ತುಳಸಿಕಟ್ಟೆ ಇತ್ತು, ಅದನ್ನು ಅಂಗಳದಲ್ಲಿಟ್ಟೆವು. ಜೀರಿಗೆ ಪೆಪ್ಪರ್‌ಮೆಂಟು ಹಾದಿಯ ಜಲ್ಲಿ. ಪಕ್ಕದ ಮನೆ ಅಜ್ಜ ಬಂದು ನೋಡಿ, ಬಚ್ಚಲುಮನೆ ಎಲ್ಲಿ ಅಂತ ಕೇಳಿದರು. ಅದನ್ನೂ ಕಟ್ಟಿದೆವು!

ಇರುವೆಗೆ: ಅಗಲದ ತಟ್ಟೆಗೆ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಮನೆಯ ಹಲಗೆ ಇಡಿ. ನಾವು ಹಲಗೆ ಬದಲು ದೊಡ್ಡ ಅಡಿಕೆ ಹಾಳೆ ತಟ್ಟೆ ಇಟ್ಟಿದ್ದೆವು, ಅದು ಭಾರಕ್ಕೆ ಬಾಗುತ್ತದೆ, ಅಡಿಗೆ ರಟ್ಟು ಕೊಡಿ. ಅಡಿಕೆ ಒಣಗಿಸುವ ಡ್ರೈಯರ್ ಇರುವವರು ಅದರಲ್ಲಿ ಬಿಸ್ಕತ್ತು ಇಡಬೇಡಿ, ವಾಸನೆ ಹಿಡಿಯುತ್ತದೆ.

ತುಂಗೆ_ದಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕಡಲೆ ನೀರಿನದ್ದು ಮಾಡಿ ನೋಡಿದೆ, ನಿಜಕ್ಕೂ ಬೆಳ್ಳಗೆ ನಿಂತಿತು. ಮೆಹಂದಿ ಕೋನಿನ ಹಾಗೆ ಪ್ಲಾಸ್ಟಿಕ್ ಸುತ್ತಿ ಅತ್ತೆ ಕೈಗೆ ಕೊಟ್ಟೆ. "ಇದರಲ್ಲಿ ಮೊಟ್ಟೆ ಇಲ್ಲ ತಾನೆ?" ಅಂತ ಎರಡು ಸಲ ಕೇಳಿದರು. ಸ್ಟೀಲ್ ತಟ್ಟೆ ಬೋರಲು ಹಾಕಿ ಎಳೆದ ಮೊದಲ ಗೆರೆ ನಡುವೆಯೇ ತುಂಡಾಯಿತು. ರಂಗೋಲಿ ಪುಡಿ ಬಿಡುವ ಹಾಗೆ ಕೈ ಬೇಗ ಓಡುತ್ತಿತ್ತು. ಆಮೇಲೆ ನಿಧಾನ ಮಾಡಿದರು. ಹತ್ತು ನಿಮಿಷದಲ್ಲಿ ಒಂಬತ್ತು ಚುಕ್ಕಿ ಇಟ್ಟು ಸುತ್ತ ಬಳ್ಳಿ ಎಳೆದಿದ್ದರು. ಗೆರೆ ಮಾತ್ರ ಸ್ವಲ್ಪ ದಪ್ಪ. ಕೋನಿನ ತೂತು ಎಷ್ಟಿರಬೇಕು?

ಶಿವಮೊಗ್ಗ_ಕೇಕ್_ಆಂಟಿ:
ಗೋಡೆ ಅಂಟಿಸಲು ಕಾಳುಮೆಣಸು ಹೋಗುವಷ್ಟು. ಅತ್ತೆಯವರ ಕೋನಿಗೆ ಸಾಸಿವೆ ಹೋಗುವಷ್ಟು ಸಾಕು. ಹೊಸಿಲಿನ ಮುಂದೆ ಅವರಿಗೆ ಅಂತ ಜಾಗ ಬಿಡಿ.