ಪೀಮ್ ಅಂದ್ರೆ ಅರವೋ ಕೂಲಿಯೋ: ನಮ್ಮ ಮನೆ ಗುಂಪಿನ ಚರ್ಚೆ

ದೊಡ್ಡಪ್ಪ: (ಫಾರ್ವರ್ಡ್) ‘ಬೈಬಲಿನಲ್ಲಿ ಒಂದೇ ಸಲ ಬರುವ ಪೀಮ್ ಎಂಬ ಹೀಬ್ರೂ ಪದದ ಅರ್ಥ ಕೊನೆಗೂ ಸಿಕ್ಕಿತು! ಮಣ್ಣಿನಡಿ ಸಿಕ್ಕ ಕಲ್ಲಿನಿಂದ ಇಸ್ರಾಯೇಲಿನ ಮೊದಲ ರಾಜ ಸೌಲನ ಕಾಲದ ಚರಿತ್ರೆ ಪೂರ್ತಿ ಸಾಬೀತು! ಎಲ್ಲರಿಗೂ ಕಳುಹಿಸಿ.’

ದೊಡ್ಡಪ್ಪ: ಎಲ್ಲರೂ ಓದಿ. ಭಾನುವಾರ ಸಭೆಯಲ್ಲೂ ಹೇಳುತ್ತೇನೆ.

ಜೋಯಲ್: ದೊಡ್ಡಪ್ಪ, 1611ರ ಇಂಗ್ಲಿಷ್ ಬೈಬಲಿನಲ್ಲಿ ಅದೇ ವಚನದಲ್ಲಿ ಅರ ಅಂತ ಇದೆ. ಕಬ್ಬಿಣ ಉಜ್ಜುವ ಅರ. ಈಗಿನ ಅನುವಾದಗಳಲ್ಲಿ ನೋಡಿದರೆ ಹಣದ ಲೆಕ್ಕ ಇದೆ. ಹಾಗಾದರೆ ಅಷ್ಟು ವರ್ಷ ಜನರಿಗೆ ಸುಳ್ಳು ಓದಿಸಿದ್ರಾ?

ರೂತ್ ಅತ್ತೆ: ಜೋಯಲ್, ಮಾತು ನೋಡಿಕೊಂಡು ಆಡು.

ನಾನು: ಸುಳ್ಳು ಅನ್ನಬೇಡ ಕಣೋ. ಅವರ ಮುಂದೆ ಇದ್ದದ್ದು ‘ಪೆತ್ಸಿರಾ ಪೀಮ್’ ಎಂಬ ಎರಡು ಪದ. 1 ಸಮುವೇಲ 13:21 ಬಿಟ್ಟರೆ ಹೀಬ್ರೂ ಬೈಬಲಿನಲ್ಲಿ ಈ ಎರಡೂ ಬೇರೆಲ್ಲೂ ಬರುವುದಿಲ್ಲ. ಹೋಲಿಸಿ ನೋಡೋಕೆ ಇನ್ನೊಂದು ವಾಕ್ಯವೇ ಇಲ್ಲ. ಬಾಯಿಗೆ ಹೀಬ್ರೂನಲ್ಲಿ ‘ಪೆ’ ಅನ್ನುತ್ತಾರೆ, ಕತ್ತಿಯ ಅಲಗಿಗೂ ಅದೇ ಪದ. ಹಾಗಾಗಿ ಪೀಮ್ ಅಂದರೆ ಬಾಯಿಗಳು, ಅಂದರೆ ತುಂಬ ಅಂಚುಗಳಿರುವ ಅರ ಎಂದು ತಿಳಿದುಕೊಂಡರು. 11ನೇ ಶತಮಾನದ ಯೆಹೂದಿ ಪಂಡಿತ ರಾಶಿ ಕೂಡ ಅರ ಅಂತಲೇ ಹೇಳಿದ್ದರು. 1611ರವರು ‘ಹೀಬ್ರೂನಲ್ಲಿ ಬಾಯಿಗಳುಳ್ಳ ಅರ ಎಂದಿದೆ’ ಅಂತ ಪುಟದ ಅಂಚಿನಲ್ಲಿ ಬರೆದೇ ಇಟ್ಟಿದ್ದಾರೆ. ಮೋಸ ಮಾಡುವವರು ಹಾಗೆ ಬರೆದಿಡುತ್ತಾರಾ?

ಚಿಕ್ಕಪ್ಪ: ಸರಿ, ಈ ಕಲ್ಲಿನ ಕಥೆ ಏನು?

ನಾನು: ತೂಕದ ಕಲ್ಲು ಚಿಕ್ಕಪ್ಪ, ತಕ್ಕಡಿಯಲ್ಲಿ ಇಡುವ ಬಟ್ಟು. ಮೇಲ್ಭಾಗ ಗುಂಡಗಿರುವ ಪುಟ್ಟ ಸುಣ್ಣಕಲ್ಲುಗಳು. ಅವುಗಳ ಮೇಲೆ ಹಳೆಯ ಹೀಬ್ರೂ ಲಿಪಿಯಲ್ಲಿ ಮೂರೇ ಅಕ್ಷರ, ಪೆ, ಯೋದ್, ಮೆಮ್. ಸೇರಿಸಿ ಓದಿದರೆ ಪೀಮ್. 20ನೇ ಶತಮಾನದ ಶುರುವಿನಿಂದ ಇಂಥವು ಯೆರೂಸಲೇಮ್, ಹಳೇ ಪಟ್ಟಣ ಲಾಕೀಷ್ ಕಡೆ ಒಂದೊಂದಾಗಿ ಸಿಕ್ಕಿವೆ. ತೂಕ ಹೆಚ್ಚುಕಡಿಮೆ 7.8 ಗ್ರಾಂ. ಆಗಿನ ಶೆಕೆಲ್ ಎಂಬ ತೂಕ 11.3 ಗ್ರಾಂ ಆಸುಪಾಸು, ನಮ್ಮ ತೊಲಕ್ಕಿಂತ ಚೂರು ಕಡಿಮೆ. ಅಂದರೆ ಪೀಮ್ ಶೆಕೆಲ್‌ನ ಸುಮಾರು ಮೂರರಲ್ಲಿ ಎರಡು ಪಾಲು. 1901ರ ಅಮೆರಿಕದ ಅನುವಾದದಲ್ಲಿ ಇನ್ನೂ ಅರ ಅಂತಲೇ ಇತ್ತು, 1952ರ ಅನುವಾದಕ್ಕೆ ಬರುವಷ್ಟರಲ್ಲಿ ಅದು ‘ಕೂಲಿ ಒಂದು ಪೀಮ್’ ಆಯಿತು.

ಜೋಯಲ್: ಅಷ್ಟೇನಾ? ಅರ ಹೋಗಿ ಕೂಲಿ ಬಂತು. ಇದರಿಂದ ಯಾರಿಗೇನು?

ನಾನು: ತುಂಬ ವ್ಯತ್ಯಾಸ ಇದೆ. 19ನೇ ವಚನದಿಂದ ಓದು. ಇಸ್ರಾಯೇಲಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ, ಇವರು ಕತ್ತಿ, ಭರ್ಜಿ ಮಾಡಿಕೊಂಡಾರು ಅಂತ ಅವರ ಶತ್ರುಗಳಾದ ನೆರೆಯ ಫಿಲಿಷ್ಟಿಯರು ಬಿಟ್ಟಿರಲಿಲ್ಲ. ನೇಗಿಲ ಕುಳ, ಗುದ್ದಲಿ, ಕೊಡಲಿ ಹರಿತ ಮಾಡಿಸೋಕೂ ಅವರ ಹತ್ತಿರವೇ ಹೋಗಬೇಕು. ಅರ ಅಂತ ಓದಿದರೆ ‘ಪಾಪ, ಉಜ್ಜಿಕೊಳ್ಳೋಕೆ ಮನೆಯಲ್ಲಿ ಅರವಾದರೂ ಇತ್ತಲ್ಲ’ ಅನಿಸುತ್ತದೆ. ಕೂಲಿ ಅಂತ ಓದಿದರೆ, ತನ್ನನ್ನು ತುಳಿಯುವವನ ಕುಲುಮೆಗೇ ಹೋಗಿ, ತನ್ನದೇ ಹೊಲ ಉಳುವ ಕುಳ ತಟ್ಟಿಸೋಕೆ ಅವನಿಗೆ ಬೆಳ್ಳಿ ತೂಗಿ ಕೊಡುವ ರೈತ ಕಾಣುತ್ತಾನೆ. ಕೊಡಲಿಗೆ ಬೇರೆ ದರ, ಅದು ಶೆಕೆಲ್‌ನ ಮೂರನೇ ಒಂದು ಪಾಲು ಅಂತ ಈಗ ಓದುತ್ತಾರೆ. 22ನೇ ವಚನದಲ್ಲಿ ಯುದ್ಧದ ದಿನ ಸೌಲ, ಅವನ ಮಗ ಯೋನಾತಾನ ಇಬ್ಬರನ್ನು ಬಿಟ್ಟು ಯಾರ ಕೈಯಲ್ಲೂ ಕತ್ತಿ ಇಲ್ಲ ಅಂತ ಬರುತ್ತದಲ್ಲ, ಅದರ ಸಂಕಟ ಆಗ ಗೊತ್ತಾಗುತ್ತದೆ.

ರೂತ್ ಅತ್ತೆ: ನಮ್ಮಪ್ಪ ಕುಳ ತಟ್ಟಿಸಿದ್ದಕ್ಕೆ ಕಮ್ಮಾರನಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಅವನು ನಮ್ಮೂರಿನವನೇ, ಮದುವೆ ಮುಂಜಿಗೆ ಬರುತ್ತಿದ್ದ. ಶತ್ರುವಿಗೆ ಬೆಳ್ಳಿ ಕೊಟ್ಟು ಬರಬೇಕು ಅಂದರೆ ಕಷ್ಟ.

ದೊಡ್ಡಪ್ಪ: ನಾನು ಹೇಳಿದ್ದೂ ಅದನ್ನೇ! ಎಷ್ಟೋ ಕಾಲದ ಮೇಲೆ ಯಾರೋ ಕೂತು ಕಥೆ ಕಟ್ಟಿದ್ದರೆ ಪೀಮ್ ಎಂಬ ತೂಕ ಅವರಿಗೆ ಹೇಗೆ ಗೊತ್ತಿರುತ್ತಿತ್ತು? ಸಾಬೀತಾಯಿತಲ್ಲ.

ನಾನು: ಆ ವಾದದಲ್ಲಿ ಬಲ ಇದೆ ದೊಡ್ಡಪ್ಪ, ದೊಡ್ಡ ವಿದ್ವಾಂಸರೂ ಅದನ್ನು ಹೇಳಿದ್ದಾರೆ. ಆದರೆ ಸಿಕ್ಕಿರುವ ಕಲ್ಲುಗಳು ಹೆಚ್ಚಾಗಿ ಕ್ರಿಸ್ತಪೂರ್ವ 8, 7ನೇ ಶತಮಾನದ ಯೆಹೂದ ರಾಜ್ಯದವು. ಸೌಲನ ಕಾಲ ಕ್ರಿಸ್ತಪೂರ್ವ 1000ದ ಸುತ್ತಮುತ್ತ. ಈ ವಚನ ಬರೆದವರಿಗೆ ಆ ರಾಜ್ಯದ ಸಂತೆ, ತಕ್ಕಡಿ ಚೆನ್ನಾಗಿ ಗೊತ್ತಿತ್ತು ಅಂತ ಕಲ್ಲು ಹೇಳುತ್ತದೆ. ಯುದ್ಧ ಹೀಗೇ ನಡೆಯಿತು ಅಂತ ಅದು ಹೇಳಲ್ಲ.

ದೊಡ್ಡಪ್ಪ: ಹೆಸರು ಮೊದಲೇ ಇದ್ದು, ಕಲ್ಲಿನ ಮೇಲೆ ಕೆತ್ತುವ ರೂಢಿ ಆಮೇಲೆ ಬಂದಿರಬಹುದಲ್ವಾ?

ನಾನು: ಇರಬಹುದು, ಖಂಡಿತ. ಆದರೆ ‘ಇರಬಹುದು’ ಬೇರೆ, ‘ಪೂರ್ತಿ ಸಾಬೀತು’ ಬೇರೆ. ಸಭೆಯಲ್ಲಿ ಕಾಲೇಜು ಹುಡುಗರು ಕೂತಿರುತ್ತಾರೆ. ಯಾರಾದರೂ ಅಲ್ಲೇ ಮೊಬೈಲಿನಲ್ಲಿ ಕಲ್ಲಿನ ಕಾಲ ನೋಡಿದರೆ ನಿಮ್ಮ ಉಳಿದ ಮಾತನ್ನೂ ನಂಬಲ್ಲ. ಅದು ನನಗೆ ಬೇಜಾರು. ದಯವಿಟ್ಟು ಆ ಒಂದು ಸಾಲು ಬಿಡಿ.

ಜೋಯಲ್: ನಾನಂತೂ ನೋಡ್ತೀನಿ.

ದೊಡ್ಡಪ್ಪ: ನೋಡಪ್ಪ, ಬೇಡ ಅಂದವರು ಯಾರು. ಕುಳದ ಕೂಲಿ ವಿಷಯ ಮೊದಲು ಹೇಳುತ್ತೇನೆ, 19ರಿಂದ 22ರವರೆಗೆ ಓದಿಸುತ್ತೇನೆ. ‘ಸಾಬೀತು’ ಬಿಡಬೇಕು ಅನ್ನೋದನ್ನು ನಾನು ಇನ್ನೂ ಒಪ್ಪಿಲ್ಲ. ರಾತ್ರಿ ಫೋನ್ ಮಾಡು, ಮಾತಾಡೋಣ.